ಹಿತ್ತಲ ಮಾತು: ಕ್ರೀಟ್ ದ್ವೀಪದ ಗೆಡ್ಡೆಗೆ ಮೈಸೂರಿನ ಚಳಿ ಸಾಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಹುಟ್ಟುಹಬ್ಬಕ್ಕೆಂದು ಮಗ ಟುಲಿಪ್ ಗೆಡ್ಡೆಗಳ ಪೊಟ್ಟಣ ತರಿಸಿಕೊಟ್ಟಿದ್ದಾನೆ. ‘ಲೈಲಾಕ್ ವಂಡರ್’ ಎಂದು ಹೆಸರಿದೆ. ಗ್ರೀಸ್ ದೇಶದ ಕ್ರೀಟ್ ದ್ವೀಪದ್ದು, ಬೆಚ್ಚಗಿನ ಊರಿಗೂ ಒಗ್ಗುತ್ತದೆ ಎಂದು ಬರೆದಿದ್ದಾರೆ. ತಾರಸಿಯ ಮೇಲೆ ಕುಂಡದಲ್ಲಿ ಈಗಲೇ ನೆಡಲೇ? ಟುಲಿಪ್ ಕಾಶ್ಮೀರದಲ್ಲಿ ಮಾತ್ರ ಬರುವುದು, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ.
– ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಈಗಲೇ ನೆಡಬೇಡಿ ತಾಯಿ. ಆಸೆಯನ್ನೂ ಬಿಡಬೇಡಿ. ನಿಮ್ಮ ಮಗ ಆರಿಸಿದ್ದು ಒಳ್ಳೆಯ ಗೆಡ್ಡೆ. ಟುಲಿಪ್ ಕುಲದಲ್ಲಿ ನಮ್ಮಂಥ ಊರಿನಲ್ಲಿ ಒಂದು ಸಲವಾದರೂ ಹೂ ತೋರಿಸುವ ಸಾಧ್ಯತೆ ಇರುವ ಕೆಲವೇ ಗೆಡ್ಡೆಗಳಲ್ಲಿ ಇದೂ ಒಂದು.

ಕಾಶ್ಮೀರದ ಮಾತು ಬಂದದ್ದರಿಂದ ಹೇಳುತ್ತೇನೆ. ಶ್ರೀನಗರದ ದಾಲ್ ಸರೋವರದ ಬಳಿ 2007ರಲ್ಲಿ ತೆರೆದ ತೋಟದಲ್ಲಿ ನಾವು ನೋಡುವ ದೊಡ್ಡ ಬಟ್ಟಲಿನ ಟುಲಿಪ್‌ಗಳು ಹಾಲೆಂಡಿನವರು ನೂರಾರು ವರ್ಷ ತಿದ್ದಿ ತೀಡಿ ಬೆಳೆಸಿದ ತಳಿಗಳು. ನಿಮ್ಮ ಕೈಯಲ್ಲಿರುವುದು ಕಾಡುಟುಲಿಪ್. ಸಸ್ಯಶಾಸ್ತ್ರದಲ್ಲಿ ಟುಲಿಪಾ ಸ್ಯಾಕ್ಸಟಿಲಿಸ್. ಸೀಬರ್ ಎಂಬ ಸಸ್ಯಸಂಗ್ರಾಹಕ 1817ರಲ್ಲಿ ಕ್ರೀಟ್ ಸುತ್ತಿದ್ದ. ಅವನು ಕೊಟ್ಟ ಸ್ಯಾಕ್ಸಟಿಲಿಸ್ ಎಂಬ ಹೆಸರು 1825ರಲ್ಲಿ ಅಚ್ಚಾಯಿತು. ಲೈಲಾಕ್ ವಂಡರ್ ಅದರಲ್ಲೇ ‘ಬೇಕರಿ’ (ಲ್ಯಾಟಿನ್ ಹೆಸರು, ತಿಂಡಿಯಂಗಡಿಯಲ್ಲ) ಎಂಬ ಬಳಗದಿಂದ ಆರಿಸಿದ್ದು. ಗಿಡ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ಎಸಳು ತಿಳಿ ನೇರಳೆ ಬೆರೆತ ಗುಲಾಬಿ, ನಡುವೆ ಮೊಟ್ಟೆಯ ಹಳದಿಯಂಥ ದಟ್ಟ ಹಳದಿ. ಎಲೆಗೆ ಎಣ್ಣೆ ಸವರಿದ ಹೊಳಪು.

ಇದರ ತವರನ್ನು ನಾನು ಒಂದು ಏಪ್ರಿಲ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ. ಆಗ ಮಗಳು ಗ್ರೀಸ್‌ನಲ್ಲಿದ್ದಳು. ಕ್ರೀಟ್ ಸುಮಾರು 260 ಕಿಲೋಮೀಟರ್ ಉದ್ದದ, ಅಗಲ ಕಡಿಮೆಯ ದ್ವೀಪ. ಸಮುದ್ರದಿಂದ ಎದ್ದವೇ ಬೆಟ್ಟ ಅನ್ನುವ ಹಾಗಿದೆ. ಎಲ್ಲಕ್ಕಿಂತ ಎತ್ತರದ ಇಡಾ ಪರ್ವತ 2,456 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರ್ ಮೇಲೆ. ಪಶ್ಚಿಮಕ್ಕೆ ‘ಬಿಳಿ ಬೆಟ್ಟ’ಗಳೆಂಬ ಸುಣ್ಣಕಲ್ಲಿನ ಸಾಲು. ಅದರ ಮಡಿಲಲ್ಲಿ ಓಮಾಲೋಸ್ ಎಂಬ ಬಯಲು. ಸುತ್ತ ಬೆಟ್ಟ, ನಡುವೆ ಚಪ್ಪಟೆ ನೆಲ, ಕುರಿಗಳ ಗಂಟೆ ಸದ್ದು. ಬೆಳಿಗ್ಗೆ ನಾವು ಹೋದಾಗ ಹೂಗಳೆಲ್ಲ ಮುಚ್ಚಿಕೊಂಡು ನಿಂತಿದ್ದವು. ಹತ್ತು ಗಂಟೆ ದಾಟಿ ಬಿಸಿಲು ಏರಿದ ಮೇಲೆ ಒಂದೊಂದಾಗಿ ಬಿಚ್ಚಿ, ಮಧ್ಯಾಹ್ನದ ಹೊತ್ತಿಗೆ ನಕ್ಷತ್ರದಂತೆ ಅಗಲವಾದವು. ತಲೆಯೆತ್ತಿದರೆ ಶಿಖರಗಳಲ್ಲಿ ಇನ್ನೂ ಹಿಮ. ಅದೇ ಬೆಟ್ಟಗಳಲ್ಲಿ ಇನ್ನೂ ಮೇಲೆ ಹತ್ತಿದರೆ, ಹಿಮ ಕರಗುವ ಅಂಚಿನಲ್ಲೇ ಒದ್ದೆ ಮಣ್ಣು ಸೀಳಿಕೊಂಡು ಬಿಳಿ ಕ್ರೋಕಸ್ ಹೂ ಏಳುತ್ತದೆ. ಅದಕ್ಕೂ ಆ ಸೀಬರನ ಹೆಸರೇ.

ಈಗ ಒಂದು ಸಂಗತಿ ಗಮನಿಸಿ. ಓಮಾಲೋಸ್ ಬಯಲು ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್ ಎತ್ತರದಲ್ಲಿದೆ. ನಮ್ಮ ಚಾಮುಂಡಿ ಬೆಟ್ಟದ ನೆತ್ತಿಯೂ ಹತ್ತಿರಹತ್ತಿರ ಅಷ್ಟೇ. ಹಾಗಾದರೆ ಇಲ್ಲಿ ಯಾಕೆ ಟುಲಿಪ್ ಬೆಳೆಯುವುದಿಲ್ಲ? ಕ್ರೀಟ್ ಇರುವುದು 35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾವು 12ರಲ್ಲಿ. ಅಲ್ಲಿ ಚಳಿಗಾಲದಲ್ಲಿ ಆ ಬಯಲಿಗೆ ಹಿಮ ಬೀಳುತ್ತದೆ. ನಮ್ಮಲ್ಲಿ ಧನುರ್ಮಾಸದ ರಾತ್ರಿಯೂ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿದರೆ ಹೆಚ್ಚು. ಟುಲಿಪ್‌ಗೆ ಅದು ಚಳಿಯೇ ಅಲ್ಲ. ಗೆಡ್ಡೆ ಬೇಸಿಗೆಯಲ್ಲಿ ಒಣಗಿ ಮಲಗಿರುವಾಗಲೇ ಒಳಗೆ ಹೂವಿನ ಮೊಳಕೆ ಪುಟ್ಟದಾಗಿ ರೂಪುಗೊಂಡಿರುತ್ತದೆ. ಅದರ ತೊಟ್ಟು ಉದ್ದವಾಗಿ ನೆಲದಿಂದ ಮೇಲೆ ಬರಬೇಕಾದರೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಚಳಿ ಸಿಗಬೇಕು. ಸಿಗದಿದ್ದರೆ ಎಲೆ ಮಾತ್ರ ಬರುತ್ತದೆ, ಇಲ್ಲವೇ ಮೊಗ್ಗು ಎಲೆಗಳ ನಡುವೆಯೇ ಕುಗ್ಗಿ ಕಂದಿಹೋಗುತ್ತದೆ.

ಆದರೆ ಚಳಿಯಷ್ಟೇ ಕಾರಣವಾಗಿದ್ದರೆ ಫ್ರಿಜ್ ಇರುವ ಮನೆಯಲ್ಲೆಲ್ಲ ಟುಲಿಪ್ ಬೇರೂರಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕು ಮಳೆಯ ಲೆಕ್ಕ. ಕ್ರೀಟ್‌ನಲ್ಲಿ ಮಳೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಆಕಾಶ ಒಣಒಣ. ಗೆಡ್ಡೆ ಆ ನಾಲ್ಕು ತಿಂಗಳು ಬಿಸಿ ಕಲ್ಲುಗಳ ನಡುವೆ ನಿದ್ದೆ ಮಾಡುತ್ತದೆ. ನಮ್ಮಲ್ಲಿ? ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತೇವೆ. ಮೇ ತಿಂಗಳಲ್ಲೇ ನೆಲ ನೆನೆಯುತ್ತದೆ. ಆಮೇಲೆ ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಮೈಸೂರನ್ನು ತೋಯಿಸಿಯೇ ಹೋಗುವುದು. ಗೆಡ್ಡೆ ಮಲಗಬೇಕಾದಾಗ ನಮ್ಮ ಮಳೆ ಅದನ್ನು ನೆನೆಸುತ್ತದೆ. ಅದು ಎದ್ದು ನೀರು ಕೇಳುವ ಹೊತ್ತಿಗೆ ನಮ್ಮ ನೆಲ ಒಣಗುತ್ತಾ ಬರುತ್ತದೆ. ನಮ್ಮೂರಲ್ಲಿ ಟುಲಿಪ್ ಗೆಡ್ಡೆ ಬಿಸಿಲಿಗೆ ಸಾಯುವುದಕ್ಕಿಂತ ಮಲಗಿದ್ದಾಗ ಕೊಳೆತು ಸಾಯುವುದೇ ಹೆಚ್ಚು. ಹೊರನಾಡಿನ ಯಾವ ಗೆಡ್ಡೆ ಕೈಗೆ ಬಂದರೂ ಎಷ್ಟು ಬಿಸಿಲು ತಡೆಯುತ್ತದೆ ಎಂದು ಕೇಳುವ ಮೊದಲು, ಅದರ ಊರಿನಲ್ಲಿ ಮಳೆ ಯಾವ ತಿಂಗಳು ಎಂದು ಕೇಳಿ. ನನ್ನ ತರಗತಿಗಳಲ್ಲೂ ಇದನ್ನೇ ಹೇಳುತ್ತಿದ್ದೆ.

ಇನ್ನು ಕೆಲಸದ ಮಾತು. ಸೆಪ್ಟೆಂಬರ್ ಮುಗಿಯುವವರೆಗೆ ಗೆಡ್ಡೆಗಳನ್ನು ಗಾಳಿಯಾಡುವ ಕಡೆ, ಒಣಗಿದ ಕಾಗದದ ಮೇಲೆ ಹರಡಿಡಿ. ಮೆತ್ತಗಾದದ್ದು, ಬೂಸ್ಟು ಹಿಡಿದದ್ದು ಇದ್ದರೆ ಆಗಲೇ ಎಸೆಯಿರಿ. ಅಕ್ಟೋಬರ್ ಮೊದಲ ವಾರದಲ್ಲಿ ಕಾಗದದ ಚೀಲಕ್ಕೆ ಹಾಕಿ, ಚೀಲಕ್ಕೆ ನಾಲ್ಕಾರು ತೂತು ಮಾಡಿ ಫ್ರಿಜ್‌ನಲ್ಲಿಡಿ. ಮೇಲಿನ ಐಸ್ ಪೆಟ್ಟಿಗೆಯಲ್ಲಲ್ಲ, ಕೆಳಗೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತದೆ.

ಮುಖ್ಯವಾದ ಮಾತು: ಹಣ್ಣಿನ ಪಕ್ಕ ಇಡಲೇಬೇಡಿ. ಬಾಳೆಹಣ್ಣು, ಸೇಬು, ಸಪೋಟ, ಟೊಮೇಟೊ ಇವೆಲ್ಲ ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಆ ಅನಿಲ ತಾಗಿದರೆ ಗೆಡ್ಡೆಯೊಳಗಿನ ಹೂಮೊಳಕೆ ಸುಟ್ಟುಹೋಗುತ್ತದೆ. ಹೊರಗೆ ನೋಡಿದರೆ ಗೆಡ್ಡೆ ಗಟ್ಟಿಯಾಗಿಯೇ ಇರುತ್ತದೆ, ನೆಟ್ಟರೆ ಎಲೆಯೂ ಬರುತ್ತದೆ, ಹೂ ಮಾತ್ರ ಬರುವುದಿಲ್ಲ. ನಮ್ಮ ಮನೆಗಳಲ್ಲಿ ತರಕಾರಿ ಟ್ರೇಯಲ್ಲಿ ಟೊಮೇಟೊ ಇಲ್ಲದ ದಿನ ಯಾವುದಿದೆ? ಆದ್ದರಿಂದ ಬಾಗಿಲ ಕಪಾಟಿನಲ್ಲೋ ಮೇಲಿನ ತಟ್ಟೆಯಲ್ಲೋ ಜಾಗ ಮಾಡಿ.

ಚೀಲದ ಮೇಲೆ ದಪ್ಪಕ್ಷರದಲ್ಲಿ ‘ತಿನ್ನುವುದಲ್ಲ’ ಎಂದು ಬರೆದಿಡಿ. ಗೆಡ್ಡೆ ಸಾಂಬಾರ್ ಈರುಳ್ಳಿಯ ಹಾಗೇ ಕಾಣುತ್ತದೆ, ಅಡುಗೆಗೆ ಬರುವವರಿಗೆ ಗೊತ್ತಾಗುವುದಿಲ್ಲ. ತಿಂದರೆ ವಾಂತಿ, ಹೊಟ್ಟೆನೋವು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ಹಾಲೆಂಡಿನ ಜನ ಬೇರೆ ಗತಿಯಿಲ್ಲದೆ ಟುಲಿಪ್ ಗೆಡ್ಡೆ ಬೇಯಿಸಿ ತಿಂದರು. ಅದು ಹಸಿವಿನ ಕಥೆ, ಅಡುಗೆಯ ಕಥೆಯಲ್ಲ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಅವಕ್ಕೂ ಸಿಗದಂತೆ ನೋಡಿಕೊಳ್ಳಿ. ಗೆಡ್ಡೆ ಹೆಚ್ಚು ಹೊತ್ತು ಮುಟ್ಟಿದರೆ ಕೆಲವರಿಗೆ ಬೆರಳು ತುರಿಸುತ್ತದೆ, ಕೈ ತೊಳೆದುಕೊಳ್ಳಿ.

ಹತ್ತು ವಾರ ಹಾಗೇ ಇರಲಿ. ಧನುರ್ಮಾಸ ಹಿಡಿಯುವ ಹೊತ್ತಿಗೆ, ಅಂದರೆ ಡಿಸೆಂಬರ್ ನಡುವೆ, ಕುಂಡಕ್ಕೆ ಹಾಕಿ. ಮಣ್ಣಿನ ಕುಂಡವೇ ಆಗಲಿ, ತಳದಲ್ಲಿ ತೂತು ದೊಡ್ಡದಿರಲಿ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಬೇಬಿ ಜಲ್ಲಿ, ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಇಷ್ಟೇ ಸಾಕು. ಗೊಬ್ಬರ ಜಾಸ್ತಿ ಸುರಿದು ಪ್ರೀತಿ ತೋರಿಸಬೇಡಿ. ಈ ಟುಲಿಪ್ ಹುಟ್ಟಾ ಬಡ ನೆಲದ್ದು. ಸೊಗಸಾದ ಮಣ್ಣು, ಹರಡಲು ಜಾಗ ಸಿಕ್ಕರೆ ಹೂವಿನ ಗೊಡವೆ ಬಿಟ್ಟು ನೆಲದೊಳಗೆ ಬಳ್ಳಿ ಓಡಿಸಿ ಮರಿ ಹಾಕಲು ಶುರುಮಾಡುತ್ತದೆ. ಕುಂಡ ಇಕ್ಕಟ್ಟಾಗಿದ್ದಷ್ಟೂ ಒಳ್ಳೆಯದು. ಬೋರ್‌ವೆಲ್ಲಿನ ಗಡಸು ನೀರು ಎಂದು ಹೆದರಬೇಡಿ, ಸುಣ್ಣಕಲ್ಲಿನ ಬೆಟ್ಟದ ಗಿಡಕ್ಕೆ ಸುಣ್ಣದ ಅಂಶ ಹೊಸದಲ್ಲ.

ನಾಲ್ಕು ಬೆರಳು ಆಳಕ್ಕೆ, ಮೊನೆ ಮೇಲಾಗಿ ಇಡಿ. ಅಳಿಲು, ಇಲಿ ಕೆದಕದಂತೆ ಮೇಲೆ ತಂತಿಬಲೆ ಮುಚ್ಚಿ, ಮೊಳಕೆ ಕಂಡ ಮೇಲೆ ತೆಗೆಯಿರಿ. ಪೂರ್ವದ ಬಿಸಿಲು ಹನ್ನೊಂದರವರೆಗೆ ಬೀಳುವ ಜಾಗ ಸರಿ. ತಾರಸಿಯ ಕಾಂಕ್ರೀಟಿನ ಮೇಲೆ ನೇರ ಇಡಬೇಡಿ, ಎರಡು ಇಟ್ಟಿಗೆ ಕೊಡಿ. ಬೇರು ತಂಪಾಗಿರಬೇಕು. ಮಣ್ಣು ಬೆರಳಿಗೆ ಒಣಗಿದಂತೆ ಸಿಕ್ಕಾಗ ಬೆಳಗಿನ ಹೊತ್ತು ನೀರು ಹಾಕಿ. ಎಲ್ಲ ಕೂಡಿಬಂದರೆ ಸಂಕ್ರಾಂತಿ–ಶಿವರಾತ್ರಿ ನಡುವೆ ಹೂ ನೋಡುತ್ತೀರಿ. ಒಂದು ದಂಟಿಗೆ ಒಂದರಿಂದ ಮೂರು ಹೂ. ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆಯುತ್ತಾ ಕೆಲವು ದಿನ ಇರುತ್ತದೆ. ನಮ್ಮ ಬಿಸಿಲಿಗೆ ಬೇಗ ಉದುರಬಹುದು, ಅದಕ್ಕೆ ಬೇಸರ ಬೇಡ.

ಮುಂದಿನ ವರ್ಷವೂ ಬರುತ್ತದೆಯೇ ಎಂದು ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಟುಲಿಪ್ ಗೆಡ್ಡೆಗೆ ಒಂದೇ ವರ್ಷದ ಆಯಸ್ಸು. ಹೂ ಬಿಟ್ಟ ತಾಯಿಗೆಡ್ಡೆ ಬತ್ತಿಹೋಗಿ ಅದರ ಜಾಗದಲ್ಲಿ ಹೊಸ ಗೆಡ್ಡೆಗಳು ಕಟ್ಟುತ್ತವೆ. ಅವು ದಪ್ಪಗಾಗಬೇಕಾದರೆ ಹೂ ಮುಗಿದ ಮೇಲೂ ಎಲೆ ತಿಂಗಳುಗಟ್ಟಲೆ ತಂಪಿನಲ್ಲಿ ಹಸಿರಾಗಿರಬೇಕು. ನಮ್ಮ ಮಾರ್ಚ್ ಅದಕ್ಕೆ ಬಿಡುವುದಿಲ್ಲ. ಎಲೆ ಹಳದಿಯಾಗುವವರೆಗೆ ಕತ್ತರಿಸದೆ ಬಿಡಿ. ಆಮೇಲೆ ನೀರು ನಿಲ್ಲಿಸಿ, ಭರಣಿ ಮಳೆಗೆ ಮುಂಚೆ ಗೆಡ್ಡೆ ತೆಗೆದು, ಒಣ ಮರಳಿನಲ್ಲಿ ಹೂತು ಮನೆಯೊಳಗಿಡಿ. ಮುಂದಿನ ಅಕ್ಟೋಬರ್‌ಗೆ ಮತ್ತೆ ಫ್ರಿಜ್. ಹೆಚ್ಚಿನವು ಒಂಟಿ ಎಲೆ ತೋರಿಸಿ ಸುಮ್ಮನಾಗುತ್ತವೆ. ನಿಮ್ಮ ಮಗನಿಗೆ ಇದನ್ನು ಮೊದಲೇ ಹೇಳಿಬಿಡಿ, ವರ್ಷದ ಹೂವೆಂದು ತಿಳಿದು ಸಂತೋಷಪಡಲಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೀಲಿ, ಕಪ್ಪು, ಕಾಮನಬಿಲ್ಲಿನ ಬಣ್ಣದ ಟುಲಿಪ್ ಬೀಜ ಮಾರುತ್ತಾರೆ. ತರಿಸಬಹುದೇ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಬೇಡ. ಬೀಜದಿಂದ ಬೆಳೆದ ಟುಲಿಪ್ ಹೂ ಬಿಡಲು ನಾಲ್ಕೈದು ವರ್ಷವಾದರೂ ಬೇಕು, ಅದೂ ಪ್ರತಿ ವರ್ಷ ಹಿಮ ಕಾಣುವ ಊರಿನಲ್ಲಿ. ಕಾಮನಬಿಲ್ಲಿನ ಬಣ್ಣ ಇರುವುದು ಚಿತ್ರದಲ್ಲಿ ಮಾತ್ರ. ದುಡ್ಡು ಉಳಿಸಿ.

ಪ್ರಶ್ನೆ: ಮುಂದಿನ ವಸಂತಕ್ಕೆ ಗ್ರೀಸ್ ಪ್ರವಾಸ ಇದೆ. ಕ್ರೀಟ್‌ಗೂ ಹೋಗುತ್ತೇವೆ. ಅಲ್ಲಿಯ ಹೊಲಗಳಲ್ಲಿ ಕೆಂಪು ಟುಲಿಪ್ ರಾಶಿ ಬೆಳೆದಿರುತ್ತದೆ ಎಂದು ಓದಿದೆ. ನಾಲ್ಕು ಗೆಡ್ಡೆ ಕಿತ್ತು ತಂದರೆ ತಪ್ಪೇ?
– ನಿವೃತ್ತ ಬ್ಯಾಂಕ್ ನೌಕರರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ತಪ್ಪು ಸರ್. ಎರಡು ದಾರಿಯಲ್ಲಿ ತಪ್ಪು.

ನೀವು ಓದಿರುವುದು ಸ್ಪಿಲಿ ಊರಿನ ಮೇಲಿರುವ ಗಿಯೂಸ್ ಕಂಪೋಸ್ ಬಯಲಿನ ಬಗ್ಗೆ ಇರಬೇಕು. ಟುಲಿಪಾ ಡೋರ್‌ಫ್ಲೆರಿ ಎಂಬ ಆ ಕೆಂಪು ಹೂ ಕ್ರೀಟ್ ಬಿಟ್ಟು ಬೇರೆಲ್ಲೂ ಇಲ್ಲ. ರಾಶಿ ಕಾಣುವುದು ನಿಜ. ಆದರೆ ಆ ಗಿಡದ ಜೀವಕೋಶಗಳಲ್ಲಿ ವರ್ಣತಂತುಗಳ ಕಟ್ಟು ಎರಡರ ಬದಲು ಮೂರಿದೆ. ಅದಕ್ಕೇ ಸರಿಯಾಗಿ ಬೀಜ ಕಟ್ಟುವುದಿಲ್ಲ, ಗೆಡ್ಡೆಯಿಂದ ಗೆಡ್ಡೆಯಾಗಿಯೇ ಹರಡಬೇಕು. ಅಲ್ಲಿನ ರೈತರು ನೆಲವನ್ನು ಮೇಲುಮೇಲೆ ಉತ್ತು ಧಾನ್ಯ ಬೆಳೆದರು. ಗೆಡ್ಡೆ ನೇಗಿಲಿಗೆ ಸಿಗದಷ್ಟು ಆಳಕ್ಕೆ ಇಳಿಯಿತು. ಉಳುಮೆಗೂ ಹೂವಿಗೂ ಹಾಗೆ ಒಂದು ಹೊಂದಾಣಿಕೆಯಾಗಿ ಅದು ಉಳಿದುಕೊಂಡಿದೆ. ಬಂದವರೆಲ್ಲ ನಾಲ್ಕು ನಾಲ್ಕು ಕಿತ್ತರೆ ಬೀಜದಿಂದ ತುಂಬಿಕೊಳ್ಳುವ ದಾರಿ ಅದಕ್ಕಿಲ್ಲ.

ಎರಡನೆಯದು ನಮ್ಮ ದೇಶದ ಕಾನೂನು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ನೆಡುವ ಗೆಡ್ಡೆ ತರಬೇಕಾದರೆ ಇಲ್ಲಿಂದ ಮುಂಚಿತ ಆಮದು ಪರವಾನಗಿ ಬೇಕು, ಹೊರಡುವ ದೇಶದಿಂದ ರೋಗ-ಕೀಟ ಇಲ್ಲವೆಂಬ ಪ್ರಮಾಣಪತ್ರ ಬೇಕು. ಮಣ್ಣು ಮೆತ್ತಿದ ನಾಲ್ಕು ಗೆಡ್ಡೆಯ ಜೊತೆ ಜಂತುಹುಳು, ಬೂಷ್ಟು, ವೈರಸ್ ಬಂದರೆ ಅನುಭವಿಸುವವರು ನಮ್ಮ ಈರುಳ್ಳಿ, ಸುಗಂಧರಾಜ ಬೆಳೆಯುವವರು. ಏಪ್ರಿಲ್ ನಡುವೆ ಹೋಗಿ, ಮಂಡಿಯೂರಿ ಕೂತು ನೋಡಿ, ಫೋಟೊ ತೆಗೆಯಿರಿ. ಅದೇ ಹೊಲಗಳ ಅಂಚಿನಲ್ಲಿ ಕಾಡು ಆರ್ಕಿಡ್‌ಗಳೂ ಸಿಗುತ್ತವೆ, ತುಳಿಯದಂತೆ ನಡೆಯಿರಿ.

ಪ್ರಶ್ನೆ: ಅಮ್ಮಾ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ನಮ್ಮದು ಎರಡೂವರೆ ಎಕರೆ, ಕಬ್ಬು, ಭತ್ತ ಹಾಕುತ್ತೇವೆ. ಫೋನಿನಲ್ಲಿ ಟುಲಿಪ್ ಬೇಸಾಯದ ವಿಡಿಯೊ ನೋಡಿದೆ, ಒಂದು ಹೂವಿಗೆ ನೂರು ರೂಪಾಯಿ ಅಂತಾರೆ. ಅರ್ಧ ಎಕರೆಗೆ ಹಾಕಿ ನೋಡೋಣ ಅಂತ ಮಗ ಹಟ ಹಿಡಿದಿದ್ದಾನೆ.
– ರೈತರು, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಸ್ವಾಮಿ, ಮಗನನ್ನು ಕೂರಿಸಿಕೊಂಡು ಮೊದಲನೇ ಉತ್ತರ ಓದಿಸಿ. ಕುಂಡದಲ್ಲಿ ಹತ್ತು ಗೆಡ್ಡೆ ಬೆಳೆಯುವುದು ಒಬ್ಬರ ಮನಸ್ಸಂತೋಷಕ್ಕೆ. ಅರ್ಧ ಎಕರೆಯ ಗೆಡ್ಡೆಯನ್ನು ಪ್ರತಿ ವರ್ಷ ಹೊಸದಾಗಿ ಕೊಂಡು, ಶೀತಲಗೃಹದಲ್ಲಿ ಚಳಿ ಕೊಟ್ಟು, ತಂಪು ಮನೆಯೊಳಗೆ ಹೂ ಬಿಡಿಸುವುದು ಬೇರೆಯೇ ಬಂಡವಾಳದವರ ವ್ಯವಹಾರ. ನಾಲೆ ಬಯಲಿನ ಜೌಗು ನೆಲದಲ್ಲಿ ಆ ಗೆಡ್ಡೆ ಒಂದು ತಿಂಗಳು ಉಳಿಯುವುದಿಲ್ಲ. ಸಾಲ ಮಾಡಿ ಇದಕ್ಕೆ ಕೈ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಗೆಡ್ಡೆಯ ಹೂವೇ ಬೇಕೆಂದರೆ ಸುಗಂಧರಾಜ ಇದೆಯಲ್ಲ! ಅದೂ ಹೊರಗಿನಿಂದ ಬಂದದ್ದೇ, ಮೆಕ್ಸಿಕೊ ಮೂಲದ್ದು. ಆದರೆ ಅಲ್ಲಿಯೂ ಮಳೆ ಬರುವುದು ನಮ್ಮ ಹಾಗೆ ಬೇಸಿಗೆ-ಮಳೆಗಾಲದಲ್ಲಿ. ಅದಕ್ಕೇ ಇಲ್ಲಿ ತವರುಮನೆಯವಳಂತೆ ನೆಲೆಸಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’, ‘ಶೃಂಗಾರ್’ ಒಂಟಿ ಸುತ್ತಿನ ತಳಿಗಳು, ಬಿಡಿ ಹೂವಿಗೂ ಹಾರಕ್ಕೂ ಆಗುತ್ತವೆ. ಬೇರುಗಂಟು ಜಂತುಹುಳುವಿನ ಕಾಟ ನಿಮ್ಮ ನೆಲದಲ್ಲಿದ್ದರೆ ಶೃಂಗಾರ್ ತಡೆದುಕೊಳ್ಳುತ್ತದೆ. ಭತ್ತದ ಗದ್ದೆಯಲ್ಲೇ ಹಾಕಬೇಡಿ. ನೀರು ಬಸಿದುಹೋಗುವ ಎತ್ತರದ ತುಂಡು ಆರಿಸಿ, ಬೋದು ಎಬ್ಬಿಸಿ, ಅದರ ಮೇಲೆ ನೆಡಿ. ಮೊದಲು ಐದು ಗುಂಟೆಯಲ್ಲಿ ಮಾಡಿ. ಕೀಳುವ ಆಳು, ಬೆಳಗಿನ ಜಾವ ಮೈಸೂರಿನ ದೇವರಾಜ ಮಾರುಕಟ್ಟೆಗೆ ಮುಟ್ಟಿಸುವ ಗಾಡಿ, ಈ ಎರಡೂ ಸರಿಹೋದರೆ ಮಾತ್ರ ಹೆಚ್ಚಿಸಿ. ಹೂವಿನ ಬೆಲೆ ಹಬ್ಬಕ್ಕೆ ಏರಿ ಮರುದಿನವೇ ಇಳಿಯುತ್ತದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಏಪ್ರಿಲ್‌ನಲ್ಲಿ ನಮ್ಮೂರ ಹೊಲದ ಬದುವಿನಲ್ಲಿ ಎಲೆಯೇ ಇಲ್ಲದೆ ಬರೀ ಒಂದು ಉದ್ದ ಕಡ್ಡಿ ನೆಲದಿಂದ ಎದ್ದಿತ್ತು. ಅದರ ತುಂಬ ಮಂಕು ಹಸಿರು-ಕಂದು ಬಣ್ಣದ ಸಣ್ಣ ಹೂ. ಅಗೆದು ನೋಡಿದರೆ ಈರುಳ್ಳಿಯಂಥ ಬಿಳಿ ಗೆಡ್ಡೆ. ಈಗ ಅಲ್ಲಿ ಎಲೆ ಮಾತ್ರ ಇದೆ. ಏನಿದು?
– ವಿದ್ಯಾರ್ಥಿನಿ, ಹುಣಸೂರು ತಾಲ್ಲೂಕು

ಉತ್ತರ: ಎಲೆ ಯಾವಾಗ, ಹೂ ಯಾವಾಗ ಎಂದು ಎರಡನ್ನೂ ಗಮನಿಸಿದ್ದೀಯಲ್ಲ ಮಗು, ಬಹಳ ಸಂತೋಷವಾಯಿತು. ನಿನ್ನ ವಿವರ ಕಾಡು ಈರುಳ್ಳಿಗೆ ಸರಿಯಾಗಿ ಹೊಂದುತ್ತದೆ. ಡ್ರಿಮಿಯಾ ಇಂಡಿಕಾ. ಬೇಸಿಗೆಯಲ್ಲಿ ಹೂ ಬಿಡುವ ನಮ್ಮದೇ ನೆಲದ ಗೆಡ್ಡೆ.

ಈ ಅಂಕಣದಲ್ಲಿ ಕ್ರೀಟ್ ವಿಷಯ ಇಷ್ಟು ಬಂದಿರುವುದರಿಂದ ಇದನ್ನೂ ಕೇಳು. ಆ ದ್ವೀಪದಲ್ಲಿ ಇದರ ಸೋದರಸಂಬಂಧಿ ಇದೆ, ಡ್ರಿಮಿಯಾ ಮರಿಟಿಮಾ. ಗೆಡ್ಡೆ ತೆಂಗಿನಕಾಯಿ ಗಾತ್ರಕ್ಕೂ ಬೆಳೆಯುತ್ತದೆ. ಅಲ್ಲಿ ಬೇಸಿಗೆ ಮುಗಿಯುವ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ನೆಲ ಇನ್ನೂ ಒಣಗಿ ಬಿರಿದಿರುವಾಗಲೇ, ಎಲೆ ಇಲ್ಲದ ಉದ್ದ ದಂಟಿನಲ್ಲಿ ಬಿಳಿ ಹೂ ಬಿಡುತ್ತದೆ. ಮಳೆ ಶುರುವಾದ ಮೇಲೆ ಎಲೆ. ನಮ್ಮ ಕಾಡು ಈರುಳ್ಳಿಯೂ ಅದನ್ನೇ ಮಾಡುತ್ತದೆ, ಆದರೆ ನಮ್ಮ ಮಳೆಗೆ ತಕ್ಕಂತೆ ಮಾರ್ಚ್–ಏಪ್ರಿಲ್‌ನಲ್ಲಿ. ಒಣ ಕಾಲದ ಕೊನೆಯಲ್ಲಿ ಹೂ ಬಿಟ್ಟರೆ ಬೀಜ ಹಣ್ಣಾಗುವ ಹೊತ್ತಿಗೆ ಮಳೆ ಹತ್ತಿರವಿರುತ್ತದೆ. ಗೆಡ್ಡೆಯಲ್ಲಿ ಕೂಡಿಟ್ಟ ನೀರು, ಸಕ್ಕರೆಯ ಬಲದಿಂದಲೇ ಹೂ, ಬೀಜ ಎರಡೂ ಮುಗಿಯುತ್ತವೆ. ಎರಡು ನಾಡಿನ ಮಳೆಗಾಲ ತಿರುಗುಮುರುಗು, ಗಿಡದ ಬುದ್ಧಿ ಒಂದೇ.

ಕ್ರೀಟ್‌ನವರು ಹೊಸ ವರ್ಷಕ್ಕೆ ಆ ಗೆಡ್ಡೆ ಕಿತ್ತು ಬಾಗಿಲಿಗೆ ತೂಗುಹಾಕುತ್ತಾರೆ. ಮಣ್ಣಿಲ್ಲದೆಯೂ ಅದು ಚಿಗುರುತ್ತದೆ, ಮನೆಗೆ ಒಳ್ಳೆಯದಾಗುತ್ತದೆಂಬ ನಂಬಿಕೆ. ನಮ್ಮಲ್ಲಿ ಅಂಗಡಿ ಬಾಗಿಲಿಗೆ ಲೋಳೆಸರ ತಲೆಕೆಳಗಾಗಿ ಕಟ್ಟುವುದನ್ನು ನೀನು ನೋಡಿರಬಹುದು.

ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೋ. ಹೂ ಸಂಜೆಗೆ ಅರಳುತ್ತದೋ ರಾತ್ರಿಗೋ, ಯಾವ ಹುಳು ಬರುತ್ತದೆ, ಮೊದಲ ಮಳೆಗೂ ಎಲೆಗೂ ಎಷ್ಟು ದಿನ ಅಂತರ, ಇವನ್ನು ಮುಂದಿನ ಬೇಸಿಗೆಯಲ್ಲಿ ಟಾರ್ಚ್ ಹಿಡಿದು ಕೂತು ಬರೆದುಕೋ. ಮನೆಯವರು ಯಾರಾದರೂ ಜೊತೆಗಿರಲಿ, ಬದುಗಳಲ್ಲಿ ಹಾವು ಇರುತ್ತವೆ. ಗೆಡ್ಡೆಯನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು. ಅದರಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಅಜ್ಜಿ ಔಷಧಿ ಎಂದು ಕೊಟ್ಟರೂ ಬೇಡ. ಅಪ್ಪ ಬದು ತೆಗೆಸುವ ಯೋಚನೆಯಲ್ಲಿದ್ದರೆ, ಎಲೆ ಒಣಗಿದ ಮೇಲೆ ಗೆಡ್ಡೆಗಳನ್ನು ಬೇರು ಹರಿಯದಂತೆ ಎತ್ತಿ ಬೇಲಿಯ ಬುಡಕ್ಕೆ ಕತ್ತು ಮೇಲೆ ಕಾಣುವ ಹಾಗೆ ನೆಟ್ಟುಬಿಡು. ನೀರು ಹಾಕಬೇಕಿಲ್ಲ.